ಟ್ರ್ಯಾಕ್ಟರಿನ ವಾರಂಟಿ: ತಕರಾರು ಬಂದಾಗ ರೈತರು ಏನು ಮಾಡಬೇಕು?

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಎಷ್ಟೊಂದು ಪರೀಕ್ಷೆಗಳನ್ನು ಮಾಡುತ್ತಾನೆ! ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ದೋಷವನ್ನು ಗುರುತಿಸುತ್ತಾನೆ, ಸಾಧ್ಯವಾದರೆ ಬಂಡಿಗೆ ಹೂಡಿ ಎಳೆತವನ್ನೂ ಪರೀಕ್ಷಿಸುತ್ತಾನೆ. ಅದೇ ರೈತ ಎತ್ತಿಗಿಂತ ಎಷ್ಟೋ ಪಟ್ಟು ಬೆಲೆ ತೆತ್ತು, ಅದೂ ಸಾಲ ಮಾಡಿ, ಟ್ರ್ಯಾಕ್ಟರು ಕೊಳ್ಳುವಾಗ ಹಾರ ಹಾಕಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಮನೆಗೆ ತರುತ್ತಾನೆ. ಜೊತೆಗೆ ಕೊಟ್ಟ ವಾರಂಟಿ ಪುಸ್ತಕ ಓದದೆಯೇ ಪೆಟ್ಟಿಗೆ ಸೇರುತ್ತದೆ. ಅದನ್ನು ಮತ್ತೆ ಹುಡುಕುವುದು ಟ್ರ್ಯಾಕ್ಟರು ಹೊಲದಲ್ಲಿ ನಿಂತ ದಿನ. ಅಷ್ಟು ಹೊತ್ತಿಗೆ ಬಹುಮಟ್ಟಿಗೆ ತಡವಾಗಿರುತ್ತದೆ.

ಬೇಸಾಯಶಾಸ್ತ್ರದವನಾದ ನಾನು ಯಂತ್ರದ ಜಗಳದ ಬಗ್ಗೆ ಏಕೆ ಬರೆಯುತ್ತಿದ್ದೇನೆ ಎಂದು ತಾವು ಕೇಳಬಹುದು. ಕಾರಣವಿದೆ. ಕೆಟ್ಟ ಯಂತ್ರವನ್ನು ಎರಡು ತಿಂಗಳ ನಂತರವಾದರೂ ರಿಪೇರಿ ಮಾಡಿಸಬಹುದು. ಆದರೆ ಭೂಮಿಯ ಹದ ಎರಡು ತಿಂಗಳು ಕಾಯುವುದಿಲ್ಲ.

2017ರ ಹಿಂಗಾರಿಯಲ್ಲಿ ನಮ್ಮ ಮನೆಯಲ್ಲೇ ನಡೆದ ಸಂಗತಿಯನ್ನು ಹೇಳುತ್ತೇನೆ. ನಮ್ಮದು ವಿಜಯಪುರ ಜಿಲ್ಲೆಯ ಎರೆಭೂಮಿ. ಉತ್ತರೆ ಮಳೆ ಚೆನ್ನಾಗಿ ಆಗಿ, ಬಿಳಿಜೋಳದ ಬಿತ್ತನೆಗೆ ಹೊಲ ಹದವಾಗಿತ್ತು. ಒಂದೂವರೆ ವರ್ಷದ ಹಿಂದೆ ಅಣ್ಣ ಕೊಂಡಿದ್ದ ಟ್ರ್ಯಾಕ್ಟರು ಆಗ 780 ಗಂಟೆ ಓಡಿತ್ತು. ಬಿತ್ತನೆಯ ಎರಡನೆಯ ದಿನವೇ ಹೈಡ್ರಾಲಿಕ್ ಲಿಫ್ಟ್ ಕೂರಿಗೆಯನ್ನು ಎತ್ತದಾಯಿತು. ವಾರಂಟಿ ಎರಡು ವರ್ಷದ್ದು. ಆದರೂ ಮಾರಾಟಗಾರರು, "ಮೂರನೆಯ ಸರ್ವಿಸ್ ನಮ್ಮಲ್ಲಿ ಆಗಿಲ್ಲ. ಎಣ್ಣೆಯನ್ನು ಹೊರಗೆ ಬದಲಿಸಿದ್ದೀರಿ. ವಾರಂಟಿ ಸಿಗುವುದಿಲ್ಲ" ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರು. ಅಣ್ಣ ಎಂಟು ದಿನ ಅವರ ಬಾಗಿಲಿಗೆ ತಿರುಗಿದ. ಕೊನೆಗೆ ನಾನು ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಾಗದ ಬರೆದೆ. ಅದು ಮುಟ್ಟಿದ ಮೇಲೆ ಕಂಪನಿಯ ಎಂಜಿನಿಯರು ಬಂದು ಪಂಪನ್ನು ಬಿಚ್ಚಿ ನೋಡಿದರು. ಎಣ್ಣೆ ಶುದ್ಧವಾಗಿಯೇ ಇತ್ತು. ಪಂಪಿನ ಎರಕದ ಮೈಯಲ್ಲಿಯೇ ಬಿರುಕಿತ್ತು. ಅಣ್ಣ ಕಂಪನಿ ಹೇಳಿದ ಎಣ್ಣೆಯನ್ನೇ ಕೊಂಡಿದ್ದ, ಅದರ ರಸೀದಿ ಅದೃಷ್ಟಕ್ಕೆ ಮನೆಯಲ್ಲಿತ್ತು. ಹೊಸ ಪಂಪು ಉಚಿತವಾಗಿ ಬಂತು.

ಆದರೆ ಅಷ್ಟರಲ್ಲಿ ಹಸ್ತ ಕಳೆದು ಚಿತ್ತಿಯೂ ಮುಗಿಯುತ್ತ ಬಂದಿತ್ತು. ಎಲ್ಲರಿಗೂ ಒಂದೇ ಸಲ ಬಿತ್ತನೆ ಇದ್ದುದರಿಂದ ಬಾಡಿಗೆಯ ಟ್ರ್ಯಾಕ್ಟರೂ ಸಿಗಲಿಲ್ಲ. ಅರ್ಧ ಹೊಲವನ್ನು ನೆರೆಯವರ ಎತ್ತಿನಿಂದ ಬಿತ್ತಿದ್ದಾಯಿತು. ಉಳಿದರ್ಧ ತಡವಾಗಿ ಬಿತ್ತಿದ ಪೈರು ತೆನೆ ಹೊಡೆಯುವ ಹೊತ್ತಿಗೆ ಭೂಮಿಯಲ್ಲಿ ತೇವವೇ ಇರಲಿಲ್ಲ. ಪಂಪು ಸಿಕ್ಕಿತು, ಹಿಂಗಾರಿ ಸಿಗಲಿಲ್ಲ. ಮೊದಲ ದಿನವೇ ಕಾಗದ ಬರೆದಿದ್ದರೆ ಕನಿಷ್ಠ ಎಂಟು ದಿನ ಉಳಿಯುತ್ತಿದ್ದವು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ಓದಿದವನಿಗೂ ತಪ್ಪಲಿಲ್ಲ. ತಮಗೆ ಹಾಗಾಗದಿರಲಿ ಎಂಬುದೇ ಈ ಲೇಖನದ ಉದ್ದೇಶ.

ವಾರಂಟಿ ಎಂದರೇನು?

ನಿರ್ದಿಷ್ಟ ಅವಧಿಯೊಳಗೆ ತಯಾರಿಕೆಯ ದೋಷದಿಂದ ಅಥವಾ ಕಳಪೆ ಸಾಮಗ್ರಿಯಿಂದ ಯಾವುದಾದರೂ ಭಾಗ ಕೆಟ್ಟರೆ, ಅದನ್ನು ಉಚಿತವಾಗಿ ಸರಿಪಡಿಸಿ ಅಥವಾ ಬದಲಿಸಿ ಕೊಡುವುದಾಗಿ ತಯಾರಕರು ಬರೆದುಕೊಡುವ ಮಾತೇ ವಾರಂಟಿ. ಕೆಟ್ಟದ್ದಕ್ಕೆಲ್ಲ ವಾರಂಟಿ ಇಲ್ಲ, ತಯಾರಿಕೆಯ ದೋಷಕ್ಕೆ ಮಾತ್ರ ಇದೆ. ಹೆಚ್ಚಿನ ತಕರಾರುಗಳ ಮೂಲ ಈ ಒಂದು ವ್ಯತ್ಯಾಸದಲ್ಲಿದೆ.

ಅವಧಿಯನ್ನು ಎರಡು ರೀತಿಯಲ್ಲಿ ಅಳೆಯುತ್ತಾರೆ: ಒಂದು ಕಾಲ, ಇನ್ನೊಂದು ಓಡಿದ ಗಂಟೆ. ಉದಾಹರಣೆಗೆ ವಾರಂಟಿ "2 ವರ್ಷ ಅಥವಾ 2000 ಗಂಟೆ, ಯಾವುದು ಮೊದಲೋ ಅದು" ಎಂದಿದೆ ಎನ್ನೋಣ. ಸ್ವಂತ ಹೊಲಕ್ಕೆ ಮಾತ್ರ ಬಳಸಿ ವರ್ಷಕ್ಕೆ 500 ಗಂಟೆ ಓಡಿಸುವವರಿಗೆ 1000 ಗಂಟೆಯಾಗುವಷ್ಟರಲ್ಲಿ ಎರಡು ವರ್ಷ ಕಳೆದು ವಾರಂಟಿ ಮುಗಿಯುತ್ತದೆ. ವರ್ಷಕ್ಕೆ 1500 ಗಂಟೆ ಓಡಿಸುವವರಿಗೆ 16 ತಿಂಗಳಿಗೇ 2000 ಗಂಟೆ ತುಂಬಿ ವಾರಂಟಿ ಮುಗಿಯುತ್ತದೆ. "ಎರಡು ವರ್ಷ ಇದೆಯಲ್ಲ" ಎಂದು ಅವರು ನಂಬಿ ಕೂರಬಾರದು. ಕೆಲವು ಕಂಪನಿಗಳು ಎಂಜಿನ್ ಮತ್ತು ಗೇರ್‌ಪೆಟ್ಟಿಗೆಗೆ ಮಾತ್ರ ಇನ್ನೂ ಹೆಚ್ಚು ವರ್ಷಗಳ ವಾರಂಟಿ ಕೊಡುತ್ತವೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಆ ವರ್ಷಗಳು ಇಡೀ ಟ್ರ್ಯಾಕ್ಟರಿಗೆ ಅನ್ವಯಿಸುತ್ತವೆಯೇ ಎಂದು ಕೊಳ್ಳುವ ಮುನ್ನವೇ ಕೇಳಿ ತಿಳಿಯಿರಿ.

ತಕರಾರು ಎಲ್ಲಿ ಹುಟ್ಟುತ್ತದೆ?

1. ಸವೆಯುವ ಭಾಗಗಳು: ಕ್ಲಚ್ ಪ್ಲೇಟು, ಬ್ರೇಕ್ ಲೈನಿಂಗ್, ಫ್ಯಾನ್ ಬೆಲ್ಟು, ಫಿಲ್ಟರುಗಳು, ಬಲ್ಬುಗಳು ಬಳಕೆಯಿಂದ ಸವೆಯುವಂಥವು. ಇವುಗಳನ್ನು ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಟ್ಟಿರುತ್ತಾರೆ. ಆದರೆ ಸವೆದದ್ದು ಏಕೆ ಎಂದು ಕೇಳಬೇಕು. ಕ್ಲಚ್ ಪ್ಲೇಟು ತಾನಾಗಿ ಸವೆದಿದ್ದರೆ ಖರ್ಚು ತಮ್ಮದು. ಎಂಜಿನ್ನಿನ ಹಿಂಭಾಗದ ಸೀಲು ಸೋರಿ, ಆ ಎಣ್ಣೆ ಪ್ಲೇಟಿನ ಮೇಲೆ ಬಿದ್ದು ಅದು ಜಾರುತ್ತಿದ್ದರೆ ಮೂಲ ದೋಷ ಸೀಲಿನದು. ಅಂಥ ಸಂದರ್ಭದಲ್ಲಿ ಪ್ಲೇಟಿನ ಖರ್ಚನ್ನೂ ಕೇಳುವುದು ನ್ಯಾಯವಾದ ಬೇಡಿಕೆ.

2. ಬೇರೆ ತಯಾರಕರ ಭಾಗಗಳು: ಟೈರು, ಬ್ಯಾಟರಿ ಮುಂತಾದವನ್ನು ಟ್ರ್ಯಾಕ್ಟರ್ ಕಂಪನಿ ತಯಾರಿಸುವುದಿಲ್ಲ. ಅವುಗಳಿಗೆ ಆಯಾ ತಯಾರಕರ ವಾರಂಟಿಯೇ ಅನ್ವಯಿಸುತ್ತದೆ. ಆ ಕಾರ್ಡುಗಳನ್ನು ಟ್ರ್ಯಾಕ್ಟರು ಪಡೆಯುವ ದಿನವೇ, ಕ್ರಮಸಂಖ್ಯೆ ತುಂಬಿಸಿ, ಮೊಹರು ಹಾಕಿಸಿ ಪಡೆಯಬೇಕು.

3. ಸರ್ವಿಸ್ ತಪ್ಪಿಸಿದ್ದು: ಹೊಸ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಲೋಹದ ಸಣ್ಣ ಕಣಗಳು ಎಣ್ಣೆಗೆ ಸೇರುತ್ತವೆ. ಆದಕಾರಣ ಮೊದಲ ಸರ್ವಿಸನ್ನು ಬೇಗ, ಸಾಮಾನ್ಯವಾಗಿ 50 ಗಂಟೆಯ ಸುಮಾರಿಗೆ, ಇಟ್ಟಿರುತ್ತಾರೆ. ಅದನ್ನು ತಪ್ಪಿಸಿದರೆ ಯಂತ್ರಕ್ಕೂ ಹಾನಿ, ವಾರಂಟಿಗೂ ಹಾನಿ. ಆದರೆ ಒಂದು ಸರ್ವಿಸ್ ತಪ್ಪಿದ ಮಾತ್ರಕ್ಕೆ ಸಂಬಂಧವಿಲ್ಲದ ಭಾಗದ ದೋಷವನ್ನೂ ನಿರಾಕರಿಸಿದರೆ, "ತಪ್ಪಿದ ಸರ್ವಿಸಿಗೂ ಈ ದೋಷಕ್ಕೂ ಏನು ಸಂಬಂಧ? ಬರೆದುಕೊಡಿ" ಎಂದು ಕೇಳಿ.

4. ತಪ್ಪು ಬಳಕೆ: ಕಂಪನಿಗಳು ಬಹಳವಾಗಿ ಮುಂದಿಡುವ ಕಾರಣವಿದು. ಕಬ್ಬಿನ ಸೀಮೆಯಲ್ಲಿ ಒಂದರ ಹಿಂದೊಂದು ಎರಡು ಟ್ರೇಲರ್ ಕಟ್ಟಿ, ಮುಂದಿನ ಚಕ್ರ ನೆಲ ಬಿಡುವಷ್ಟು ಹೇರು ಹೇರುವುದನ್ನು ನಾವೆಲ್ಲ ಕಂಡಿದ್ದೇವೆ. ಇದರಿಂದ ಕ್ಲಚ್, ಗೇರು ಮತ್ತು ಹಿಂದಿನ ಆಕ್ಸಲಿನ ಮೇಲೆ ಅತಿಯಾದ ಒತ್ತಡ ಬೀಳುತ್ತದೆ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಗಳಲ್ಲಿ ಕೆಸರು ಮಾಡುವಾಗ ಸೀಲುಗಳ ಮೂಲಕ ಕೆಸರುನೀರು ಚಕ್ರದ ಗುಂಬಕ್ಕೂ ಬ್ರೇಕಿಗೂ ಸೇರಬಹುದು. ಒಣಭೂಮಿಯಲ್ಲಿ ದೂಳಿನದೇ ಕಾಟ. ಏರ್ ಕ್ಲೀನರನ್ನು ಶುಚಿ ಮಾಡದಿದ್ದರೆ, ಇಲ್ಲವೆ ಅದರ ರಬ್ಬರ್ ಕೊಳವೆ ಬಿರಿದಿದ್ದರೆ, ದೂಳು ನೇರವಾಗಿ ಎಂಜಿನ್ನಿಗೆ ಹೋಗಿ ಪಿಸ್ಟನ್ ರಿಂಗು, ಲೈನರುಗಳನ್ನು ಉಜ್ಜಿ ಸವೆಸುತ್ತದೆ. ಇಂಥ ಸವೆತವನ್ನು ಬಿಚ್ಚಿ ನೋಡಿದ ತಜ್ಞರು ಸುಲಭವಾಗಿ ಗುರುತಿಸುತ್ತಾರೆ. ಇಲ್ಲಿ ತಪ್ಪು ನಮ್ಮದಾಗಿದ್ದರೆ ಒಪ್ಪಿಕೊಳ್ಳುವುದೇ ಲೇಸು. ಸೋಲುವ ಜಗಳಕ್ಕೆ ಹಣ ಮತ್ತು ಕಾಲ ಎರಡೂ ದಂಡ.

5. ಡೀಸೆಲ್: 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮಗಳು ಜಾರಿಗೆ ಬಂದಿವೆ. ಇಂಥ ಎಂಜಿನ್ನುಗಳ ಇಂಧನ ವ್ಯವಸ್ಥೆ ಬಹು ಸೂಕ್ಷ್ಮ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟ, ನೀರು ಸೇರಿದ ಡೀಸೆಲ್ ಹಾಕಿ ಇಂಜೆಕ್ಟರ್ ಕೆಟ್ಟರೆ ವಾರಂಟಿ ಸಿಗುವುದು ಕಷ್ಟ. ಒಂದೇ ಬಂಕಿನಲ್ಲಿ ಹಾಕಿಸಿ, ರಸೀದಿ ಇಟ್ಟುಕೊಳ್ಳಿ.

6. ಹೊರಗಿನ ರಿಪೇರಿ: ವಾರಂಟಿಯೊಳಗೆ ಎಂಜಿನ್, ಗೇರ್‌ಪೆಟ್ಟಿಗೆ ಅಥವಾ ಇಂಧನ ಪಂಪಿನ ಮೊಹರನ್ನು ಊರ ಮೇಸ್ತ್ರಿಯಿಂದ ಬಿಚ್ಚಿಸಬೇಡಿ. ಅವನ ಕೈ ಎಷ್ಟೇ ಒಳ್ಳೆಯದಿರಲಿ, ಬಿಚ್ಚಿದ ಮೇಲೆ ದೋಷ ಮೊದಲೇ ಇತ್ತೋ ಬಿಚ್ಚಿದ್ದರಿಂದ ಬಂತೋ ಎಂದು ತೋರಿಸಲು ಸಾಕ್ಷ್ಯವೇ ಉಳಿಯುವುದಿಲ್ಲ. ಗಂಟೆ ತೋರಿಸುವ ಮೀಟರಿನ ತಂತಿ ಕಿತ್ತುಹಾಕುವುದು ಇನ್ನೂ ದೊಡ್ಡ ತಪ್ಪು.

ಕೊಳ್ಳುವಾಗಲೇ ಮಾಡಬೇಕಾದದ್ದು

ಮಾದರಿಯನ್ನು ಆರಿಸುವ ಮೊದಲು ಅದರ ಪರೀಕ್ಷಾ ವರದಿಯನ್ನು ಕೇಳಿರಿ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಎಳೆತದ ಶಕ್ತಿ, ಲಿಫ್ಟಿನ ಶಕ್ತಿ, ಇಂಧನದ ಖರ್ಚು ಮುಂತಾದವು ಅದರಲ್ಲಿರುತ್ತವೆ. ಇಂಥದೇ ಇನ್ನೊಂದು ಸಂಸ್ಥೆ ನಮ್ಮ ಗಡಿಗೆ ಹತ್ತಿರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ.

ಟ್ರ್ಯಾಕ್ಟರು ಪಡೆಯುವ ದಿನ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಬಿಲ್ಲಿನೊಡನೆ ತಾಳೆ ನೋಡಿ. ಗಂಟೆ ಮೀಟರು ಎಷ್ಟು ತೋರಿಸುತ್ತಿದೆ ಎಂದು ವಿತರಣಾ ಪತ್ರದಲ್ಲಿ ಬರೆಸಿ. ತಮ್ಮ ಹೆಸರನ್ನು ವಾರಂಟಿಗಾಗಿ ಕಂಪನಿಯಲ್ಲಿ ನೋಂದಾಯಿಸುವುದು ಮಾರಾಟಗಾರರ ಕೆಲಸ. ಅವರು ಮರೆತರೆ ಮುಂದೆ "ದಾಖಲೆ ಇಲ್ಲ" ಎಂಬ ಉತ್ತರ ಬಂದೀತು. ಆದುದರಿಂದ ನೋಂದಣಿಯಾಗಿದೆಯೇ ಎಂದು ಒಂದು ತಿಂಗಳೊಳಗೆ ತಾವೇ ವಿಚಾರಿಸಿ. "ಎಲ್ಲಾ ನಾವು ನೋಡಿಕೊಳ್ಳುತ್ತೇವೆ ಬಿಡಿ" ಎಂಬ ಮಾತಿಗೆ ಕಾಗದದ ಬಲವಿಲ್ಲ.

ಯಂತ್ರ ಕೆಟ್ಟ ದಿನ

ಮೊದಲು ಓಡಿಸುವುದನ್ನು ನಿಲ್ಲಿಸಿ. "ಇದೊಂದು ಸಾಲು ಮುಗಿಸೋಣ" ಎಂದು ಓಡಿಸಿ ಸಣ್ಣ ದೋಷವನ್ನು ದೊಡ್ಡದು ಮಾಡಿದರೆ, ಆ ಹೆಚ್ಚಿನ ಹಾನಿಗೆ ತಾವೇ ಹೊಣೆಯಾಗುತ್ತೀರಿ. ಗಂಟೆ ಮೀಟರು, ಸೋರಿಕೆ, ಮುರಿದ ಭಾಗ ಇವುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯಿರಿ.

ಅಂದೇ ಲಿಖಿತ ದೂರು ಕೊಡಿ. ವರ್ಕ್‌ಶಾಪಿಗೆ ಬಿಟ್ಟಾಗ ಜಾಬ್ ಕಾರ್ಡಿನಲ್ಲಿ ತಮ್ಮ ದೂರನ್ನು ತಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಪಡೆಯಿರಿ. ದೂರು "ಲಿಫ್ಟ್ ಏಳುತ್ತಿಲ್ಲ" ಎಂದಿರುವಾಗ ಕಾರ್ಡಿನಲ್ಲಿ "ಸಾಮಾನ್ಯ ಸರ್ವಿಸ್" ಎಂದು ಬರೆದಿದ್ದರೆ ಸಹಿ ಹಾಕಬೇಡಿ. ಬದಲಿಸಿದ ಭಾಗಕ್ಕೆ ಹೊಸದಾಗಿ ಪೂರ್ಣಾವಧಿಯ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ, ಟ್ರ್ಯಾಕ್ಟರಿನ ಉಳಿದ ಅವಧಿ ಮಾತ್ರ ಸಿಗುತ್ತದೆ. ಹೀಗಾಗಿ ಅದೇ ದೋಷ ಮತ್ತೆ ಮತ್ತೆ ಬರುತ್ತಿದ್ದರೆ ಪ್ರತಿ ಸಲದ ಜಾಬ್ ಕಾರ್ಡೂ ಬೇಕು. ದೋಷ ಮೊದಲು ಕಾಣಿಸಿಕೊಂಡದ್ದು ಅವಧಿಯೊಳಗೇ ಎಂದು ತೋರಿಸಲು ಅದೇ ಸಾಕ್ಷಿ.

ಮಾರಾಟಗಾರರು ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಅವರು ಕೊಡದಿದ್ದರೆ ಕಂಪನಿಗೆ ನೇರವಾಗಿ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ, ಪ್ರತಿ ಮತ್ತು ಅಂಚೆ ರಸೀದಿ ಇಟ್ಟುಕೊಳ್ಳಿ. ಪತ್ರ ಹೀಗಿದ್ದರೆ ಸಾಕು:

"ನಾನು ದಿನಾಂಕ ........ ರಂದು ನಿಮ್ಮ ಮಾರಾಟಗಾರರಿಂದ ಕೊಂಡ ಟ್ರ್ಯಾಕ್ಟರು (ಎಂಜಿನ್ ಸಂಖ್ಯೆ ........, ಚಾಸಿ ಸಂಖ್ಯೆ ........) ದಿನಾಂಕ ........ ರಂದು, ........ ಗಂಟೆ ಓಡಿದ್ದಾಗ, ........ ದೋಷದಿಂದ ನಿಂತಿದೆ. ಅಂದೇ ಮಾರಾಟಗಾರರಿಗೆ ದೂರು ಕೊಟ್ಟಿದ್ದೇನೆ. ಅವರು ........ ಕಾರಣ ಹೇಳಿ ವಾರಂಟಿ ನಿರಾಕರಿಸಿದ್ದಾರೆ. ಈಗ ಬಿತ್ತನೆಯ ಕಾಲವಾಗಿದ್ದು, ದಿನ ಕಳೆದಂತೆ ನನಗೆ ಬೆಳೆ ನಷ್ಟವಾಗುತ್ತದೆ. ತಮ್ಮ ಎಂಜಿನಿಯರನ್ನು ಕೂಡಲೇ ಕಳಿಸಿ, ನನ್ನ ಎದುರಿನಲ್ಲಿ ಪರೀಕ್ಷಿಸಿ, ಲಿಖಿತ ವರದಿ ಕೊಡಬೇಕೆಂದು ಕೋರುತ್ತೇನೆ. ಬಿಲ್ಲು, ಸರ್ವಿಸ್ ಪುಸ್ತಕ ಮತ್ತು ಜಾಬ್ ಕಾರ್ಡಿನ ನಕಲುಗಳನ್ನು ಲಗತ್ತಿಸಿದೆ."

ಬೆಳೆ ನಷ್ಟದ ಸಾಲನ್ನು ಬಿಡಬೇಡಿ. ವಾರಂಟಿ ಪುಸ್ತಕಗಳು ಸಾಮಾನ್ಯವಾಗಿ ಇಂಥ ನಷ್ಟವನ್ನು ಹೊರಗಿಡುತ್ತವೆ. ಆದರೂ ಮುಂದೆ ಪರಿಹಾರ ಕೇಳಬೇಕಾದರೆ, ವಿಷಯವನ್ನು ಮೊದಲೇ ತಿಳಿಸಿದ್ದಕ್ಕೆ ಆಧಾರ ಬೇಕು. ಬಾಡಿಗೆಗೆ ಬೇರೆ ಟ್ರ್ಯಾಕ್ಟರು ತಂದಿದ್ದರೆ ಅದರ ರಸೀದಿಯನ್ನೂ ಪಡೆಯಿರಿ. ಇನ್ನೊಂದು ಮಾತು: ಟ್ರ್ಯಾಕ್ಟರು ನಿಂತಿದೆ ಎಂದು ಸಾಲದ ಕಂತು ನಿಲ್ಲಿಸಬೇಡಿ. ಬ್ಯಾಂಕಿನ ಸಾಲ ಬೇರೆ, ಕಂಪನಿಯ ತಕರಾರು ಬೇರೆ.

ಗ್ರಾಹಕರ ಆಯೋಗಕ್ಕೆ ಹೋಗುವುದು

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಎಷ್ಟೋ ತಕರಾರುಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ. ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 1986ರ ಗ್ರಾಹಕರ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ ಈಗ 2019ರ ಕಾಯಿದೆ ಇದೆ. ಅದು 2020ರ ಜುಲೈನಿಂದ ಜಾರಿಯಲ್ಲಿದೆ. ರೈತರು ತಿಳಿದಿರಬೇಕಾದ ಅಂಶಗಳು ಇವು:

• ತಾವು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಂಪನಿಯ ಊರಿಗೆ ಹೋಗಬೇಕಾಗಿಲ್ಲ.

• ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿದೆ. ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. 5ರಿಂದ 10 ಲಕ್ಷದವರೆಗೆ 200 ರೂಪಾಯಿ, 10ರಿಂದ 20 ಲಕ್ಷದವರೆಗೆ 400 ರೂಪಾಯಿ.

• ತಕರಾರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು.

• ವಕೀಲರು ಕಡ್ಡಾಯವಲ್ಲ, ತಾವೇ ವಾದಿಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ವರಮಾನದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ.

• ಮಾರಾಟಗಾರ ಮತ್ತು ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಹೊಣೆಯನ್ನು ಅವರತ್ತ ತಳ್ಳುತ್ತಾರೆ.

ಆಯೋಗದಲ್ಲಿ ಎದುರಿನವರು ಎತ್ತಬಹುದಾದ ಮೊದಲ ಆಕ್ಷೇಪಣೆ, "ಇವರು ಗ್ರಾಹಕರೇ ಅಲ್ಲ, ವಾಣಿಜ್ಯ ಉದ್ದೇಶಕ್ಕೆ ಟ್ರ್ಯಾಕ್ಟರು ಕೊಂಡಿದ್ದಾರೆ" ಎಂಬುದು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಕೊಂಡದ್ದು ವಾಣಿಜ್ಯ ಉದ್ದೇಶವಲ್ಲವೆಂದು ಕಾಯಿದೆಯೇ ಹೇಳುತ್ತದೆ. ಯಂತ್ರ ನಡೆಸಲು ಒಬ್ಬಿಬ್ಬರ ಸಹಾಯ ಪಡೆದ ಮಾತ್ರಕ್ಕೆ ಗ್ರಾಹಕನ ಸ್ಥಾನ ಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲೇ ತಿಳಿಸಿದೆ. ಆದರೆ ಹಲವು ಟ್ರ್ಯಾಕ್ಟರುಗಳನ್ನು ಇಟ್ಟು ಬಾಡಿಗೆಯನ್ನೇ ವ್ಯಾಪಾರವಾಗಿ ಮಾಡುವವರಿಗೆ ಈ ರಕ್ಷಣೆ ಸಿಗುವುದು ಕಷ್ಟ. ತಮ್ಮ ಪಹಣಿಯನ್ನು ದೂರಿನೊಡನೆ ಲಗತ್ತಿಸಿ.

ಎರಡನೆಯದು ಇನ್ನೂ ಮುಖ್ಯ. ದೋಷ ತಯಾರಿಕೆಯದೇ ಎಂದು ತೋರಿಸುವ ಹೊಣೆ ಬಹುಮಟ್ಟಿಗೆ ದೂರು ಕೊಟ್ಟವರ ಮೇಲೆಯೇ ಬೀಳುತ್ತದೆ. ಬರಿಯ ಮಾತು ಸಾಲದು, ತಜ್ಞರ ವರದಿ ಬೇಕು. ಪರೀಕ್ಷೆಯಿಲ್ಲದೆ ದೋಷ ತಿಳಿಯದಂತಿದ್ದರೆ ಸೂಕ್ತ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಹಾಗೆ ಪರೀಕ್ಷಿಸಬೇಕೆಂದು ಅರ್ಜಿಯಲ್ಲಿಯೇ ಕೇಳಿಕೊಳ್ಳಿ. ಕೃಷಿ ಎಂಜಿನಿಯರಿಂಗ್ ಕಾಲೇಜುಗಳ ತಜ್ಞರ ಅಭಿಪ್ರಾಯವನ್ನೂ ಕೋರಬಹುದು. ಕೆಟ್ಟ ಭಾಗವನ್ನು ಗುಜರಿಗೆ ಹಾಕದೆ, ಚೀಲದಲ್ಲಿ ಕಟ್ಟಿ, ದಿನಾಂಕ ಬರೆದು ಜೋಪಾನ ಮಾಡಿ.

ಪರೀಕ್ಷೆ ಬೇಕಿಲ್ಲದ ದೂರನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದನ್ನು 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯಿದೆ ಹೇಳಿದ್ದರೂ ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯಬಹುದು. ಮಧ್ಯಸ್ಥಿಕೆಯಿಂದ ರಾಜಿಯಾಗಲು ಕಾಯಿದೆಯಲ್ಲೇ ಅವಕಾಶವಿದೆ. ನ್ಯಾಯವಾದ ರಾಜಿ ಬಂದರೆ ಹಟ ಹಿಡಿಯದೆ ಒಪ್ಪುವುದು ಜಾಣತನ.

ಒಂದು ಚೀಲ, ಒಂದು ಪುಸ್ತಕ

ರೈತ ಬಾಂಧವರೇ, ಇಷ್ಟೆಲ್ಲ ಹೇಳಿದ್ದರ ಸಾರ ಚಿಕ್ಕದು. ಮನೆಯ ಗೋಡೆಗೆ ಒಂದು ಬಟ್ಟೆಯ ಚೀಲ ತೂಗುಹಾಕಿ. ಬಿಲ್ಲು, ವಾರಂಟಿ ಪುಸ್ತಕ, ಟೈರು ಮತ್ತು ಬ್ಯಾಟರಿ ಕಾರ್ಡು, ಜಾಬ್ ಕಾರ್ಡುಗಳು, ಎಣ್ಣೆ ಮತ್ತು ಡೀಸೆಲ್ ರಸೀದಿಗಳು ಎಲ್ಲವೂ ಅದರಲ್ಲಿರಲಿ. ಜೊತೆಗೆ ಇಪ್ಪತ್ತು ರೂಪಾಯಿಯ ನೋಟುಪುಸ್ತಕವೊಂದನ್ನಿಟ್ಟು ದಿನಾಂಕ, ಗಂಟೆ ಮೀಟರು, ಮಾಡಿದ ಕೆಲಸ, ಬದಲಿಸಿದ ಎಣ್ಣೆ ಇವನ್ನು ಬರೆಯಿರಿ. ಶಾಲೆಗೆ ಹೋಗುವ ಮಗನೋ ಮಗಳೋ ಸಂಜೆ ಎರಡು ನಿಮಿಷದಲ್ಲಿ ಬರೆದಾರು.

ಬಿತ್ತನೆಗೆ ತಿಂಗಳ ಮುಂಚೆ, ಮಳೆ ನಕ್ಷತ್ರ ಹುಟ್ಟುವ ಮೊದಲೇ, ಟ್ರ್ಯಾಕ್ಟರನ್ನು ಒಮ್ಮೆ ಓಡಿಸಿ, ಕೂರಿಗೆ ಕಟ್ಟಿ, ಲಿಫ್ಟ್ ಎತ್ತಿ ಇಳಿಸಿ ನೋಡಿ. ದೋಷವಿದ್ದರೆ ಆಗಲೇ ಕಾಣಲಿ. ಆಗ ಜಗಳವಾಡಲು ಸಮಯವಿರುತ್ತದೆ. ಹದ ಬಂದ ಮೇಲೆ ಸಮಯವಿರುವುದಿಲ್ಲ. ಅಣ್ಣ ಈಗ ಪ್ರತಿ ಶ್ರಾವಣದಲ್ಲಿ ಹಾಗೆಯೇ ಮಾಡುತ್ತಾನೆ. ಚೀಲವೂ ಅವನ ಪಡಸಾಲೆಯ ಗೂಟದಲ್ಲಿ ತೂಗುತ್ತಿದೆ.